ಗಂಗೆಪೂಜೆಯ ಶುಕ್ರವಾರ

ಶಿವಮೊಗ್ಗೆಯ ಗಾಣದ ಬೀದಿಯಲ್ಲಿ ಬಸವರಾಜೇಶ್ವರಿ ಎಂದು ಹೆಸರು ಹಿಡಿದು ಕೇಳಿದರೆ ಮನೆ ತೋರಿಸುವವರು ಕಡಿಮೆ. ಮೆಂಬರಮ್ಮ ಎಂದರೆ ತೊಟ್ಟಿಲ ಕೂಸೊಂದನ್ನು ಬಿಟ್ಟು ಮಿಕ್ಕವರೆಲ್ಲ ಬೆರಳು ಚಾಚುತ್ತಿದ್ದರು. ಮುನಿಸಿಪಾಲಿಟಿಯಲ್ಲಿ ಹೆಂಗಸರಿಗೆಂದು ಇಟ್ಟಿದ್ದ ಜಾಗಕ್ಕೆ ಅವರನ್ನು ಕೂರಿಸಿದ ಹೊಸದರಲ್ಲಿ, ಗಂಡ ಓಂಕಾರಪ್ಪನ ಪಾತ್ರೆ ಅಂಗಡಿಗೆ ಬಂದವರು, "ಇನ್ಮೇಲೆ ರೊಟ್ಟಿ ಬಡಿಯೋರು ನೀವೇನಾ ಯಜಮಾನ್ರೆ?" ಎಂದು ಕಾಲೆಳೆದಿದ್ದರು. ರೊಟ್ಟಿಯೂ ನಿಲ್ಲಲಿಲ್ಲ, ಮೆಂಬರಿಕೆಯೂ ನಿಲ್ಲಲಿಲ್ಲ. ಬೀದಿಯ ಹೆಂಗಸರು ಹಿತ್ತಲ ಬಾಗಿಲಲ್ಲಿ ಬಂದು ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ದೀಪದ ಕಂಬದ ಗಾಜು ಒಡೆದದ್ದು, ಚರಂಡಿ ಉಕ್ಕಿದ್ದು, ಕಸದ ಗಾಡಿ ಬಾರದ್ದು ಎಲ್ಲವನ್ನೂ ಅವರು ಹಂಚಿನ ಮೇಲಿನ ರೊಟ್ಟಿ ತಿರುವುತ್ತಲೇ ಕೇಳಿ, ಸಭೆಯ ದಿನ ಒಂದನ್ನೂ ಮರೆಯದೆ ಹೇಳುತ್ತಿದ್ದರು.

ಅವರು ಹೋರಾಡಿ ತಂದ ದೊಡ್ಡ ಕೆಲಸವೆಂದರೆ ಬೀದಿಯ ನಲ್ಲಿ. ಅಲ್ಲಿಯವರೆಗೆ ಇಡೀ ಬೀದಿಗೆ ಇದ್ದದ್ದು ತಿರುವಿನ ಕಲ್ಲುಬಾವಿ ಒಂದೇ. ಅದರ ಪಕ್ಕದಲ್ಲೇ ಚರಂಡಿ ಹರಿಯುತ್ತಿತ್ತು. ಮುಂಗಾರು ಬಿದ್ದೊಡನೆ ಬೀದಿಯಲ್ಲಿ ವಾಂತಿಭೇದಿ ಕಾಣಿಸಿಕೊಳ್ಳುವುದು, ಒಂದೋ ಎರಡೋ ಮನೆಯಲ್ಲಿ ಅಳು ಏಳುವುದು ಪ್ರತಿವರ್ಷದ ಮಾತಾಗಿತ್ತು. ನಲ್ಲಿ ಕೊಡಿ, ನಲ್ಲಿ ಬಂದ ಮರುವಾರವೇ ಆ ಬಾವಿಗೆ ಚಪ್ಪಡಿ ಹಾಕಿ ಮುಚ್ಚಿ ಎಂದು ಠರಾವು ಮಂಡಿಸಿದವರೇ ಬಸವರಾಜೇಶ್ವರಿ. ಠರಾವು ಪಾಸಾಯಿತು. ನಲ್ಲಿ ಬಂತು. ಮೊದಲ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದು ಅವರ ಮನೆಯಲ್ಲಿ ಕಸಮುಸುರೆ ಮಾಡುವ ಮಹಾಂತಮ್ಮ. ಮೊದಲ ಕೊಡ ಹಿಡಿದದ್ದು ಎದುರುಮನೆಯ ಶಮ್ಸುನ್ನೀಸಾ. ಅವಳ ಗಂಡ ಸನಾವುಲ್ಲಾ ಸವಳಂಗ ರಸ್ತೆಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ. ಅವರಿಗೆ ಒಬ್ಬಳೇ ಮಗಳು, ನಸೀಮಾ. ಹಾಲುಹಲ್ಲು ಬಿದ್ದು ಮುಂದೆ ಕಿಟಕಿ ಬಿಟ್ಟಂತಿದ್ದ ಬಾಯಿ, ಹಿಂದಿನ ಚಳಿಗಾಲ ದಡಾರ ಬಂದು ಹೋದಮೇಲೆ ಇನ್ನೂ ತುಂಬಿಕೊಳ್ಳದ ಮೈ. ಬೆಳಗಾದರೆ ಆ ಹುಡುಗಿ ಮೆಂಬರಮ್ಮನ ಅಡಿಗೆಮನೆಯ ಹೊಸ್ತಿಲಲ್ಲಿ ಕೂತಿರುತ್ತಿದ್ದಳು.

ಬಾವಿ ಮುಚ್ಚಬೇಕಾದ ವಾರದಲ್ಲೇ ಬಸವರಾಜೇಶ್ವರಿಯ ಮಗಳು ಜಗದಾಂಬಾ ಬಾಣಂತಿ. ಅವಳನ್ನು ಕೊಟ್ಟದ್ದು ಭದ್ರಾವತಿಗೆ. ಅಳಿಯನಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ಅವಳ ಅತ್ತೆ ಕಲ್ಲಮ್ಮ ಮೊಮ್ಮಗನನ್ನು ನೋಡಲು ಬಂದವರು, ಎಣ್ಣೆನೀರಿನ ಸಂಭ್ರಮ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತ, "ಗಂಗೆಪೂಜೆ ಯಾವತ್ತು ಇಟ್ಕೊಂಡಿದೀರಾ ಬೀಗ್ತೀರೇ?" ಎಂದರು.

ಹೆತ್ತವಳು ಮೈಲಿಗೆ ಕಳೆದು ಮನೆಯ ನೀರುನಿಡಿ ಮುಟ್ಟುವ ಮೊದಲು ಬಾವಿಗೆ ಹೋಗಿ, ಗಂಗಮ್ಮನಿಗೆ ಅರಿಶಿನ ಕುಂಕುಮವಿಟ್ಟು, ಕಾಳು ಚೆಲ್ಲಿ, ಒಂದು ಬಿಂದಿಗೆ ನೀರು ಸೊಂಟಕ್ಕೇರಿಸಿಕೊಂಡು ಬರಬೇಕು. ಅವಳ ಎದೆಹಾಲು ಬಾವಿಯ ಸೆಲೆಯ ಹಾಗೆ ಬತ್ತದೆ ಇರಲಿ ಎಂದು ಅದರ ಅರ್ಥ.

"ಈ ಸಲ ನಲ್ಲೀಲೆ ಮಾಡಿಸೋಣ ಅಂತಿದೀನಿ. ನೀರು ಎಲ್ಲಿದ್ರೂ ಗಂಗೇನೇ ಅಲ್ವಾ" ಎಂದರು ಬಸವರಾಜೇಶ್ವರಿ.

ಕಲ್ಲಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿದರು. "ನಲ್ಲಿಗಾ? ಚೆನ್ನಾಗಿ ಹೇಳಿದ್ರಿ ಮಾರಾಯ್ತಿ! ನಮ್ಮ ಕ್ವಾರ್ಟರ್ಸಲ್ಲಿ ಸಾಲಿಗೊಂದು ನಲ್ಲಿ ಇಲ್ವಾ? ಅದಕ್ಕೆ ಪೂಜೆ ಮಾಡೋ ಹಾಗಿದ್ರೆ ನಾನೇ ಬಾಣಂತನ ಮಾಡ್ಕೊಳ್ತಿದ್ದೆ. ನಿಮ್ಮೂರಲ್ಲಿ ಬಾವಿ ಐತಲ್ಲ ಅಂತ ಕಳಿಸಿದ್ದು. ಮೀಟಿಂಗಲ್ಲಿ ಕೂತು ಕೂತು ಗಂಗಮ್ಮನ್ನೂ ಪೈಪಲ್ಲಿ ಹಾಕ್ಬಿಟ್ರಾ?"

ಒಳಕೋಣೆಯಲ್ಲಿ ಜಗದಾಂಬಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತ ಮಲಗಿದ್ದಳು. ಕಲ್ಲಮ್ಮ ಬಸ್ಸು ಹತ್ತಿದ ಮೇಲೆ ತಾಯಿಯ ಸೆರಗು ಹಿಡಿದುಕೊಂಡು, "ಅವ್ವಾ, ಹೆಂಗಾದ್ರೂ ಮಾಡು. ನಾಳೆ ಹಾಲೊಂದು ಕಮ್ಮಿ ಆದ್ರೆ, ಮಗೂಗೊಂದು ಜ್ವರ ಬಂದ್ರೆ, ಜನ್ಮ ಇರೋ ತನಕ ಇದೇ ಮಾತು ಕೇಳ್ಬೇಕು ನಾನು" ಎಂದಳು. ಹಸಿ ಮೈ, ಬಾಡಿದ ಮುಖ. ಬಸವರಾಜೇಶ್ವರಿ ಸೆರಗು ಬಿಡಿಸಿಕೊಳ್ಳದೆ, "ಆಗ್ಲಿ" ಎಂದರು.

ಹೆಲ್ತ್ ಇನ್ಸ್‌ಪೆಕ್ಟರ್ ಶಿವಯೋಗಪ್ಪ ಚಪ್ಪಡಿ ಗಾಡಿಯೊಡನೆ ಬಂದಾಗ ಅವರು ಬಾಗಿಲಿಗೆ ಬಂದು ನಿಂತರು. "ಇನ್ನೊಂದು ನಾಲ್ಕು ದಿನ ತಡೀರಿ. ಶುಕ್ರವಾರ ಗಂಗೆಪೂಜೆ ಆದ ಮಧ್ಯಾಹ್ನವೇ ಮುಚ್ಚಿ."

ಶಿವಯೋಗಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಠರಾವು ನಿಮ್ದೇ ಅಮ್ಮಾ."

"ನಂದೇ. ಅದಕ್ಕೇ ಕೇಳ್ತಿರೋದು."

"ಮೋಡ ಕಟ್ತಾ ಐತೆ. ಒಂದು ಮಳೆ ಬಿದ್ರೆ ಚರಂಡಿ ಬಾವಿಗೆ ಇಳಿಯುತ್ತೆ. ಒಬ್ಬರೂ ಅದರ ನೀರು ಕುಡಿಯೋ ಹಾಗಿಲ್ಲ, ನೋಡಿ."

"ಒಬ್ಬರೂ ಕುಡಿಯಲ್ಲ. ಅದು ನನ್ನ ಜವಾಬ್ದಾರಿ."

ಅವರು ಮಾತು ಉಳಿಸಿಕೊಂಡರು. ಅಂದೇ ರಾಟೆಯ ಹಗ್ಗ ಬಿಚ್ಚಿ ತಂದು ತಮ್ಮ ಮನೆಯ ಗೂಟಕ್ಕೆ ನೇತುಹಾಕಿದರು. ಮನೆಮನೆಗೂ ಹೋಗಿ, ಬಾವಿ ನೀರು ಮುಟ್ಟಬೇಡಿ ಎಂದು ಹೇಳಿ ಬಂದರು. ಬುಧವಾರ ಸಂಜೆ ಸಿಡಿಲು ಗುಡುಗಿನ ಜೊತೆ ಮೊದಲ ಮಳೆ ಬಂತು. ಆಗಲೂ ಅವರಿಗೆ ಭಯವಾಗಲಿಲ್ಲ. ಹಗ್ಗ ತಮ್ಮ ಮನೆಯಲ್ಲಿದೆ, ಕುಡಿಯುವವರು ಯಾರಿದ್ದಾರೆ?

ಗುರುವಾರ ದೀಪ ಹಚ್ಚುವ ಹೊತ್ತಿಗೆ ಮಹಾಂತಮ್ಮ ಕಡಲೆಕಾಳು ಕೇರಿ ಇಟ್ಟು, "ಅಮ್ಮಾ, ನೀರು ತರ್ಲಾ?" ಎಂದಳು. ಗಂಗೆಗೆ ಚೆಲ್ಲುವ ಕಾಳನ್ನು ಅದೇ ಗಂಗೆಯಲ್ಲಿ ನೆನೆಹಾಕಬೇಕು. ಅತ್ತೆಯ ಕಾಲದಲ್ಲಿ, ಅವರ ಅತ್ತೆಯ ಕಾಲದಲ್ಲಿ ಹಾಗೇ ನಡೆದು ಬಂದಿತ್ತು. ಬಸವರಾಜೇಶ್ವರಿ ಗೂಟದಿಂದ ಹಗ್ಗ ತೆಗೆದುಕೊಟ್ಟರು. ಒಂದು ಕೊಡ ನೀರು ಬಂತು. ಕೊಳಗದ ಕಡಲೆ ಅದರಲ್ಲಿ ಮುಳುಗಿತು. ಕುಡಿಯಬೇಡಿ ಎಂದು ಬೀದಿಗೆಲ್ಲ ಸಾರಿದ ಹೆಣ್ಣುಮಗಳಿಗೆ, ಕಾಳು ನೆನೆಯುವುದೂ ಒಂದು ಕುಡಿಯುವುದೇ ಎಂದು ಹೊಳೆಯಲಿಲ್ಲ. ಅದು ಅವರ ಮನಸ್ಸಿನಲ್ಲಿ ನೀರಿನ ಲೆಕ್ಕದಲ್ಲಿ ಇರಲೇ ಇಲ್ಲ, ಪೂಜೆಯ ಲೆಕ್ಕದಲ್ಲಿತ್ತು.

ಶುಕ್ರವಾರ ಚೆನ್ನಾಗಿ ಬಿಸಿಲು ಬಿತ್ತು. ಜಗದಾಂಬಾ ತಲೆಗೆ ಬಟ್ಟೆ ಸುತ್ತಿಕೊಂಡು, ಹಣೆಗೆ ವಿಭೂತಿ ಧರಿಸಿ, ನಿಧಾನವಾಗಿ ನಡೆದು ಬಂದು ಬಾವಿಕಟ್ಟೆಗೆ ಕೈಮುಗಿದಳು. ಕಲ್ಲಮ್ಮ ಭದ್ರಾವತಿಯಿಂದ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಬಂದಿದ್ದರು. "ನೋಡ್ರೇ, ಇದು ಬಾವಿ ಅಂದ್ರೆ" ಎಂದು ತಾವೇ ತೋಡಿಸಿದವರಂತೆ ತೋರಿಸಿದರು. ಶಮ್ಸುನ್ನೀಸಾ ತನ್ನ ಹಿತ್ತಲ ಮಲ್ಲಿಗೆಯ ದಂಡೆ ಕಟ್ಟಿ ಕಳಿಸಿದ್ದಳು. ಪೂಜೆ ಮುಗಿದ ಮೇಲೆ ಬಾಣಂತಿ ಬಿಂದಿಗೆಯ ನೀರನ್ನು ಮನೆಗೆ ತಂದು ಬಸಳೆಯ ಬುಡಕ್ಕೆ ಸುರಿದಳು. ಬಸವರಾಜೇಶ್ವರಿಯೇ ನಿಂತು ಸುರಿಸಿದರು. ಆಮೇಲೆ ಬೀದಿಯ ಮಕ್ಕಳನ್ನು ಸಾಲಾಗಿ ಕೂರಿಸಿ, ನೆನೆದ ಕಡಲೆಗೆ ಬೆಲ್ಲ, ಕಾಯಿತುರಿ ಬೆರೆಸಿ ಬೊಗಸೆ ಬೊಗಸೆ ಹಂಚಿದರು.

ನಸೀಮಾ ಎರಡನೆಯ ಸಲ ಬಂದು ಲಂಗದ ಮಡಿಲೊಡ್ಡಿದಳು.

"ಏ ಕಳ್ಳಿ, ನಿಂದು ಆಯ್ತಲ್ಲೇ!"

"ಇದು ಬೇರೆ ನಸೀಮಾ" ಎಂದಳು ಹುಡುಗಿ. ಎಲ್ಲರೂ ನಕ್ಕರು. ಬಸವರಾಜೇಶ್ವರಿ ನಗುತ್ತಲೇ ಮಡಿಲು ತುಂಬಿಸಿದರು.

ಅದೇ ಮಧ್ಯಾಹ್ನ ಬಾವಿಗೆ ಚಪ್ಪಡಿ ಬಿತ್ತು.

ಭಾನುವಾರ ಬೆಳಗ್ಗೆ ಬೀದಿಯಲ್ಲಿ ಆರೇಳು ಮಕ್ಕಳಿಗೆ ವಾಂತಿಭೇದಿ. ಬಸವರಾಜೇಶ್ವರಿ ಬಾಣಂತಿಯನ್ನು ಮಹಾಂತಮ್ಮನಿಗೆ ಒಪ್ಪಿಸಿ, ಜಟಕಾ ಕರೆಸಿ, ಕೈಗೆ ಸಿಕ್ಕ ಮಕ್ಕಳನ್ನೆಲ್ಲ ಆಸ್ಪತ್ರೆಗೆ ಸಾಗಿಸಿದರು. ನಸೀಮಾಳನ್ನು ದಾರಿಯುದ್ದಕ್ಕೂ ತಮ್ಮ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಮಗುವಿನ ಕಣ್ಣು ಗುಳಿಬಿದ್ದು, ಕೈಬೆರಳು ನೀರಲ್ಲಿ ನೆನೆದಂತೆ ಸುಕ್ಕಾಗಿತ್ತು. ಮಿಕ್ಕ ಮಕ್ಕಳು ತಡೆದುಕೊಂಡವು. ದಡಾರದಲ್ಲಿ ಸೊರಗಿದ್ದ ಆ ಮೈ ತಡೆಯಲಿಲ್ಲ. ಮಧ್ಯಾಹ್ನದ ಬಾಂಗ್ ಕೂಗುವ ಹೊತ್ತಿಗೆ ಸನಾವುಲ್ಲಾ ಗ್ಯಾರೇಜಿನ ಎಣ್ಣೆಗೈಯಲ್ಲೇ ಓಡಿ ಬಂದ. ಮಗಳ ಮುಖ ಮುಟ್ಟಲು ಹೋಗಿ, ಕೈ ನೋಡಿಕೊಂಡು, ಅಂಗಿಗೆ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ.

ಡಾಕ್ಟರು ಕಾರಿಡಾರಿನಲ್ಲಿ ಬಸವರಾಜೇಶ್ವರಿಯನ್ನು ಕೇಳಿದರು: "ಇವರೆಲ್ಲ ಒಟ್ಟಿಗೆ ತಿಂದದ್ದು ಏನಾದರೂ ಇದೆಯಾ?"

"ಪೂಜೆ ಕಡಲೆ" ಎಂದರು ಅವರು. ಆ ಎರಡು ಪದ ಬಾಯಿಂದ ಹೊರಗೆ ಬಂದ ಮೇಲೆ ಅವರಿಗೆ ತಾವು ಹೇಳಿದ್ದೇನೆಂದು ತಿಳಿಯಿತು.

ಬೀದಿಯವರು ಯಾರೂ ಅವರತ್ತ ಬೆರಳು ಮಾಡಲಿಲ್ಲ. ಮಳೆ ಬಂತು, ಚರಂಡಿ ತುಂಬಿತು, ಪ್ರತಿವರ್ಷ ಆಗುವುದೇ ಆಯಿತು ಎಂದುಕೊಂಡರು. "ಮೆಂಬರಮ್ಮ ಇಲ್ದಿದ್ರೆ ಇನ್ನೆಷ್ಟು ಹೋಗ್ತಿದ್ವೋ" ಎಂದೂ ಅಂದರು. ಆ ಮಾತು ಕೇಳಿದಾಗಲೆಲ್ಲ ಬಸವರಾಜೇಶ್ವರಿ ಎದ್ದು ಒಳಗೆ ಹೋಗುತ್ತಿದ್ದರು. ಓಂಕಾರಪ್ಪನ ಹತ್ತಿರ ಒಮ್ಮೆ ಬಾಯಿಬಿಟ್ಟರು. ಆತ, "ಗೊತ್ತಿದ್ದು ಮಾಡಿದ್ದಲ್ವಲ್ಲ" ಎಂದ. ಅದೂ ಸಮಾಧಾನವಾಗಲಿಲ್ಲ. ಎದುರುಮನೆಗೆ ದಿನವೂ ಹೋಗಿ ಶಮ್ಸುನ್ನೀಸಾಳ ಪಕ್ಕ ಕೂತು ಬರುತ್ತಿದ್ದರು. ಹೇಳಬೇಕೆಂದು ಹೋಗುವುದು, ಹೇಳದೆ ಬರುವುದು.

ಎರಡು ದಿನ ನಡೆದ ಮುಂದಿನ ಸಭೆಯ ಮೊದಲ ದಿನ ಊರಿನ ಉಳಿದ ಬಾವಿಗಳ ವಿಷಯ ಬಂತು. ಅವನ್ನೂ ಮುಚ್ಚಿಸಬೇಕೆಂದು ಶಿವಯೋಗಪ್ಪ ವರದಿ ಓದಿದರು. ಮಂಡಿ ಕಡೆಯ ಮೆಂಬರು ಮುರುಗೇಶಪ್ಪ ಮೀಸೆಯಲ್ಲೇ ನಗುತ್ತ ಎದ್ದರು.

"ನಮ್ಮ ಬೀದಿದು ಒಂದು ವಾರ ಬಿಡಿ ಸ್ವಾಮಿ. ಸೊಸೆ ಹೆತ್ತವ್ಳೆ. ಗಂಗೆಪೂಜೆ ಆಗ್ಬೇಕು. ಬಸವರಾಜೇಶ್ವರಮ್ಮೋರಿಗೆ ಕೊಟ್ಟ ಹಾಗೇ ನಮಗೂ ಕೊಡಿ."

"ಅವರಿಗೊಂದು ನಿಮಗೊಂದು ಮಾಡಕ್ಕಾಗುತ್ತಾ? ಆಗ್ಲಿ ಬಿಡಿ" ಎಂದರು ಅಧ್ಯಕ್ಷರು. ಸಭೆಯೆಲ್ಲ ನಕ್ಕಿತು. ಗುಮಾಸ್ತ ಬರೆಯಲು ತಲೆ ತಗ್ಗಿಸಿದ.

ಬಸವರಾಜೇಶ್ವರಿ ಎದ್ದು ನಿಂತರು.

"ಬೇಡ. ಒಂದು ದಿನಾನೂ ಬೇಡ. ನನಗೆ ಕೊಟ್ಟಿದ್ದೇ ತಪ್ಪು, ನಾನು ಕೇಳಿದ್ದು ಅದಕ್ಕಿಂತ ತಪ್ಪು."

"ಯಾಕಮ್ಮ, ಏನಾಯ್ತು?" ಮುರುಗೇಶಪ್ಪನ ನಗು ಅರ್ಧಕ್ಕೆ ನಿಂತಿತು. "ನೀವೇ ಹಿಂಗಂದ್ರೆ?"

"ಏನಾಯ್ತು ಅಂತ ನಾಳೆ ಇಲ್ಲೇ ನಿಂತು ಹೇಳ್ತೀನಿ. ಅದನ್ನ ಮೊದಲು ಕೇಳಬೇಕಾದೋಳು ಬೇರೆ ಒಬ್ಬಳಿದ್ದಾಳೆ. ಅವಳಿಗಿಂತ ಮುಂಚೆ ನಿಮಗೆ ಹೇಳಿದ್ರೆ ಅದೊಂದು ಪಾಪ ಸೇರುತ್ತೆ. ನಿಮ್ಮ ಸೊಸೆ ಬಾಣಂತಿ ಮುರುಗೇಶಪ್ನೋರೆ, ಅವಳ ಮಗು ತಣ್ಣಗಿರ್ಲಿ. ಬಾವಿ ಮುಚ್ಚಿಸಿ."

ಮುರುಗೇಶಪ್ಪ ಬಸವರಾಜೇಶ್ವರಿಯ ಮುಖ ನೋಡಿ, ಮೆಲ್ಲಗೆ ಕೂತು, "ಆಗ್ಲಿ, ಮುಚ್ಚಿಸಿ" ಎಂದರು.

ಬಸವರಾಜೇಶ್ವರಿ ಜಟಕಾ ಹತ್ತದೆ ನಡೆದೇ ಬಂದರು. ತಮ್ಮ ಮನೆಗೆ ಹೋಗದೆ ಎದುರುಮನೆಯ ಪರದೆ ಸರಿಸಿದರು. ಶಮ್ಸುನ್ನೀಸಾ ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ನೆಲದ ಮೇಲೆ ಕೂತು, ಅವಳ ಮುಖ ನೋಡುತ್ತ, ಬಾವಿ ಮುಚ್ಚುವುದನ್ನು ತಾವು ತಡೆದದ್ದು, ಕಾಳು ನೆನೆಹಾಕಿದ್ದು, ಯಾವ ನೀರಲ್ಲಿ ಎಂಬುದು, ಡಾಕ್ಟರು ಕೇಳಿದ್ದು, ಒಂದನ್ನೂ ಬಿಡದೆ ಹೇಳಿದರು. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಅದು ಬೇಡುವ ವಸ್ತುವಲ್ಲ ಅನ್ನಿಸಿತು.

ಶಮ್ಸುನ್ನೀಸಾಳ ಕೈ ಮೊರದ ಮೇಲೆ ನಿಂತಿತ್ತು. ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ.

"ಎರಡ್ನೇ ಸಲ ನಾನೇ ಕಳ್ಸಿದ್ದು ಅಮ್ಮಾ" ಎಂದಳು. "ಚೆನ್ನಾಗೈತೆ ಅಂತ ನಂಗೂ ಒಂದು ಮುಷ್ಟಿ ತಂದು ಕೊಟ್ಟಿತ್ತು. ನಾನು ತಿನ್ಲಿಲ್ಲ, ನೀನೇ ತಿನ್ನು ಅಂದೆ. ಇನ್ನೂ ಬೇಕಾ, ಹೋಗಿ ಇಸ್ಕೊಂಡು ಬಾ, ಮೆಂಬರಮ್ಮ ಕೊಡ್ತಾರೆ ಅಂದೆ."

ಬಸವರಾಜೇಶ್ವರಿ ಕೈ ಚಾಚಿದರು. ಶಮ್ಸುನ್ನೀಸಾ ಆ ಕೈಯನ್ನು ತಳ್ಳಲಿಲ್ಲ, ಹಿಡಿಯಲೂ ಇಲ್ಲ. ಮೊರವನ್ನು ಪಕ್ಕಕ್ಕಿಟ್ಟು, "ಜಗದಾಂಬಾ ಊರಿಗೆ ಯಾವಾಗ ಹೋಗ್ತಾಳೆ?" ಎಂದಳು.

"ಮುಂದಿನ ಸೋಮವಾರ."

"ಮಗೂನ ನಮ್ಮ ಬಾಗಿಲ ಮುಂದೆ ಎತ್ಕೊಂಡು ಹೋಗ್ಬೇಡಿ ಅಮ್ಮಾ. ನಂಗೆ ಕಣ್ಣು ಹಾಕೋ ಬುದ್ಧಿ ಇಲ್ಲ, ಅಲ್ಲಾ ನೋಡ್ತಾನೆ. ಆದ್ರೂ ನೋಡಕ್ಕಾಗಲ್ಲ. ಹಿತ್ತಲ ಕಡೆಯಿಂದ ಹೋಗಿ."

ಮರುದಿನ ಸಭೆಯಲ್ಲಿ ಬಸವರಾಜೇಶ್ವರಿ ನಿಂತು ಎಲ್ಲವನ್ನೂ ಹೇಳಿದರು. ಆ ವಾರವೇ ಊರಿನ ಉಳಿದ ಬಾವಿಗಳಿಗೂ ಚಪ್ಪಡಿ ಬಿತ್ತು. ಮುರುಗೇಶಪ್ಪನ ಸೊಸೆ ನಲ್ಲಿಗೆ ಅರಿಶಿನ ಹಚ್ಚಿ ಪೂಜೆ ಮಾಡಿದಳಂತೆ.

ಸೋಮವಾರ ಬೆಳಗ್ಗೆ ಭದ್ರಾವತಿ ಬಸ್ಸಿಗೆ ಹೊತ್ತಾಗಿತ್ತು. ಜಟಕಾದವನು ಎಂದಿನಂತೆ ಮುಂಬಾಗಿಲಿಗೆ ಗಾಡಿ ತಂದು ನಿಲ್ಲಿಸಿದ್ದ. ಬಸವರಾಜೇಶ್ವರಿ ಅವನನ್ನು ಹಿತ್ತಲ ಕಡೆಗೆ ಬರಹೇಳಿದರು. ಅದು ಕೊಚ್ಚೆಯ ಓಣಿ, ಒಂದು ದೀಪದ ಕಂಬವೂ ಇಲ್ಲದ ದಾರಿ. ಅದಕ್ಕೆ ಕಲ್ಲು ಹಾಸಿಸಬೇಕೆಂದು ಅವರು ಇನ್ನೂ ಸಭೆಯಲ್ಲಿ ಕೇಳಿರಲಿಲ್ಲ.

"ಇದೇನವ್ವ, ಈ ಕೆಸರಲ್ಲಿ?" ಎಂದಳು ಜಗದಾಂಬಾ.

"ಬಾ" ಎಂದರು ತಾಯಿ.

ಗಾಡಿ ಗುಂಡಿಗಿಳಿದು ಕುಲುಕಿತು. ಮಗು ಎಚ್ಚೆತ್ತು ಕಿಟ್ಟನೆ ಅಳತೊಡಗಿತು. ಬಸವರಾಜೇಶ್ವರಿ ಮಗಳ ಕೈಯಿಂದ ಅದನ್ನು ಎತ್ತಿಕೊಂಡು, ಸೆರಗಿನೊಳಗೆ ಅವುಚಿ, ದನಿ ಬೀದಿಯ ಆಚೆ ಬದಿಗೆ ಕೇಳದಂತೆ ಎದೆಗೆ ಒತ್ತಿಕೊಂಡು, "ಶ್ಶ್, ಮೆಲ್ಲಗೆ ಕಂದಾ, ಮೆಲ್ಲಗೆ" ಎನ್ನುತ್ತ ಓಣಿ ದಾಟುವವರೆಗೂ ತಲೆ ಎತ್ತದೆ ಕೂತಿದ್ದರು.