ಬುಧವಾರದ ಧಾರಾವಾಹಿ

ನಾಗಪುರದ ಸೀತಾಬರ್ಡಿಯ ಆ ಚಾಳಿನಲ್ಲಿ ಕನ್ನಡ ಮಾತಾಡುವ ಹೆಂಗಸರು ಇಬ್ಬರೇ ಉಳಿದಿದ್ದರು, ವನಜಾಕ್ಷಿ ಮತ್ತು ಮಹಾದೇವಮ್ಮ. ಐವತ್ತಾರರ ನವೆಂಬರಿನಲ್ಲಿ ನಾಗಪುರದ ರಾಜಧಾನಿಪಟ್ಟ ಹೋಗಿ, ಕಚೇರಿಗಳು ಭೋಪಾಳಕ್ಕೂ ಮುಂಬಯಿಗೂ ಹಂಚಿಹೋದಾಗ ಬಿಂದುಮಾಧವರಾಯರ ಮನೆಯವರೂ ಗಂಟು ಕಟ್ಟಿದರು. ಅವರೊಡನೆ ಕನ್ನಡ ವಾರಪತ್ರಿಕೆಯೂ ಹೋಯಿತು. ಚಂದಾ ಅವರದು, ಓದುವ ಸರದಿ ನಾಲ್ಕು ಮನೆಗಳದು. ಕೊನೆಯ ಸರದಿ ವನಜಾಕ್ಷಿಯದಾದ್ದರಿಂದ ಹಳೆಯ ಸಂಚಿಕೆಗಳು ಅವಳಲ್ಲೇ ಉಳಿಯುತ್ತಿದ್ದವು.

ಮಹಾದೇವಮ್ಮನಿಗೆ ಓದಲು ಬರುತ್ತಿರಲಿಲ್ಲ. ರೈಲ್ವೆ ಫಿಟ್ಟರನಾಗಿದ್ದ ಗಂಡ ತೀರಿಕೊಂಡ ಮೇಲೆ ಮೆಸ್ಸೊಂದಕ್ಕೆ ಜೋಳದ ರೊಟ್ಟಿ ತಟ್ಟಿ ಬದುಕುತ್ತಿದ್ದಳು. ಬುಧವಾರ ಮಧ್ಯಾಹ್ನ ಮೂರಕ್ಕೆ ಮೆಂತ್ಯದ ಸೊಪ್ಪಿನ ಬುಟ್ಟಿ ಹಿಡಿದು ವನಜಾಕ್ಷಿಯ ಮನೆಗೆ ಬರುವಳು. ಇವಳು ಸೊಪ್ಪು ಬಿಡಿಸುವಳು, ಅವಳು ಧಾರಾವಾಹಿ ಓದುವಳು. ವಿಜಯಾ ಎಂಬ ಶಿಕ್ಷಕಿ, ನರಹರಿ ಎಂಬ ಇಂಜಿನಿಯರು, ನಡುವೆ ಒಂದು ಹೊಳೆ, ಬೇಕಾದಷ್ಟು ಬೆಳದಿಂಗಳು.

ಪತ್ರಿಕೆ ನಿಂತಿತಲ್ಲ ಎಂದು ಮಹಾದೇವಮ್ಮ ಮನೆಯಲ್ಲೇ ಕೂತ ಬುಧವಾರ ವನಜಾಕ್ಷಿಯೇ ಬಂದು ಕರೆದಳು. ಇನ್ನು ಪತ್ರಿಕೆಯನ್ನು ಅವಳ ತಮ್ಮ ಧಾರವಾಡದಿಂದ ಅಂಚೆಯಲ್ಲಿ ಕಳಿಸುತ್ತಾನಂತೆ.

ಎರಡನೇ ವಾರವೇ ಮಹಾದೇವಮ್ಮನಿಗೆ ಅದು ಹಳೆಯ ಸಂಚಿಕೆಯೆಂದು ಗೊತ್ತಾಯಿತು. ಮುಖಪುಟದ ಮೂಲೆಯಲ್ಲಿ ಅರಿಶಿನದ ಹೆಬ್ಬೆರಳ ಗುರುತಿತ್ತು. ದಸರೆಯ ಹೊತ್ತಿಗೆ ಒತ್ತಿದ್ದು ಮಹಾದೇವಮ್ಮನದೇ ಬೆರಳು. ಒಳಗೆ ವನಜಾಕ್ಷಿ ತಾನೇ ಬರೆದು ತುಂಬಿಸಿದ, ಗೆರೆ ಹಾಕಿದ ನೋಟುಬುಕ್ಕಿನ ಹಾಳೆಗಳಿದ್ದವು. ವನಜಾಕ್ಷಿ ಪತ್ರಿಕೆಯ ಪುಟ ತಿರುಗಿಸುವುದನ್ನೂ ಮರೆಯುತ್ತಿದ್ದಳು.

ಕತೆಯೂ ಬದಲಾಗಿತ್ತು. ಬೆಳದಿಂಗಳು ಕಡಿಮೆಯಾಗಿ ಮದುವೆ ಮುಗಿದಿತ್ತು. ನರಹರಿ ಸಂಜೆ ಬಂದು ಕೋಟು ತೂಗುಹಾಕಿ, ಸ್ಟೂಲು ಎಳೆದುಕೊಂಡು ಒಲೆಯ ಹತ್ತಿರ ಕೂರುತ್ತಿದ್ದ. ಇವತ್ತು ಯಾರ ಜೊತೆ ಮಾತಾಡಿದೆ ಎಂದು ಹೆಂಡತಿಯನ್ನು ಕೇಳುತ್ತಿದ್ದ, ಅವಳು ಹೇಳಿ ಮುಗಿಸುವವರೆಗೂ ಕೇಳುತ್ತಿದ್ದ. ಪ್ರತಿ ಕಂತಿನಲ್ಲೂ ಹೆಚ್ಚುಕಡಿಮೆ ಇಷ್ಟೇ. ಮಹಾದೇವಮ್ಮನಿಗೆ ಬೆಳದಿಂಗಳಿಗಿಂತ ಇದೇ ಹಿಡಿಸಿತು. ಸೊಪ್ಪು ಮುಗಿದರೂ ಕಡ್ಡಿಗಳನ್ನೇ ಮತ್ತೆ ಆರಿಸುತ್ತ ಕೂರುವಳು.

ವನಜಾಕ್ಷಿಯ ಗಂಡ ಲಕ್ಷ್ಮೀಕಾಂತ ರೈಲಿನ ಅಂಚೆ ಬೋಗಿಯಲ್ಲಿ ಪತ್ರ ವಿಂಗಡಿಸುವವನು. ವಾರದಲ್ಲಿ ನಾಲ್ಕು ದಿನ ಹಳಿಯ ಮೇಲೆ, ಉಳಿದದ್ದು ನಿದ್ದೆ. ಕೆಟ್ಟವನಲ್ಲ.

ಕೆಟ್ಟುನಿಂತದ್ದನ್ನು ಕಂಡರೆ ಸರಿಮಾಡದೆ ಬಿಡುವ ಜೀವವಲ್ಲ ಮಹಾದೇವಮ್ಮನದು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಅವನನ್ನು ನಿಲ್ಲಿಸಿದಳು.

"ರಾಯರ, ಮನಿಗೆ ಬಂದ ಕೂಡ್ಲೆ ಅಡ್ಡಾಗಬ್ಯಾಡ್ರಿ. ಒಲಿ ಹತ್ರ ಸ್ಟೂಲ್ ಜಗ್ಗಿ ಕುಂದರ್ರಿ. ಇವತ್ತ ಯಾರ ಕೂಡ ಮಾತಾಡಿದಿ ಅಂತ ಕೇಳ್ರಿ. ಅಷ್ಟ ಸಾಕು."

ಅವನು ನಕ್ಕು, ಬರೋಬರ್, ಹಂಗ ಮಾಡ್ತೀನಿ ಎಂದ.

ಮುಂದಿನ ಬುಧವಾರ ವನಜಾಕ್ಷಿ ಬಾಗಿಲು ತೆರೆದಳು, ಮುಖ ನೋಡಲಿಲ್ಲ. ಧಾರವಾಡದ ತಮ್ಮ, ಪತ್ರಿಕೆ ಕಳಿಸುವುದನ್ನು ನಿಲ್ಲಿಸಿದನಂತೆ. ಇಬ್ಬರೂ ಸೊಪ್ಪು ಬಿಡಿಸಿದರು. ಕೆಳಗೆ ಯಾರೋ ಮರಾಠಿಯಲ್ಲಿ ಬಳೆ ಮಾರುತ್ತ ಹೋದರು. ಅರ್ಧ ಬುಟ್ಟಿ ಮುಗಿದ ಮೇಲೆ ವನಜಾಕ್ಷಿ ಬಾಯಿ ಬಿಟ್ಟಳು.

"ಸ್ಟೂಲ್ ಎಳಕೊಂಡು ಕೂತ್ರು. ಪಾಠ ಒಪ್ಪಿಸಿದಂಗ ಕೇಳಿದ್ರು. ನಾ ಹೇಳೂದ್ರಾಗ ಕೂತಲ್ಲೇ ನಿದ್ದಿ ಹತ್ತಿತ್ತು."

ಮಹಾದೇವಮ್ಮ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ವನಜಾಕ್ಷಿ ಮುಂದುವರಿಸಿದಳು.

"ಆ ಕತಿಯೊಂದು ನನ್ನ ಕಡೆ ಇತ್ತು. ನೀವು ಅದನ್ನೂ ಅವ್ರಿಗೆ ಕೊಟ್ರಿ."

"ತಪ್ಪಾತ್ರಿ, ವನಜಕ್ಕ."

ತಪ್ಪು ಒಪ್ಪಿಕೊಂಡರೂ ಬುಧವಾರವನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಎದ್ದು ಕೈ ತೊಳೆದು, ಗೂಡಿನಿಂದ ಅರಿಶಿನದ ಗುರುತಿನ ಸಂಚಿಕೆ ತಂದು ವನಜಾಕ್ಷಿಯ ತೊಡೆಯ ಮೇಲಿಟ್ಟಳು. ನೋಟುಬುಕ್ಕಿನ ಹಾಳೆಗಳು ಅದರೊಳಗಿರಲಿಲ್ಲ.

"ಇದನ್ನ ಓದ್ರಿ. ಅಚ್ಚಾದದ್ದು."

ವನಜಾಕ್ಷಿ ಬಹಳ ಹೊತ್ತು ಮುಖಪುಟವನ್ನೇ ನೋಡಿದಳು. ಆಮೇಲೆ ಓದಿದಳು. ನರಹರಿ ಹೊಳೆಯ ದಡದಲ್ಲಿ ನಿಂತು ವಿಜಯಾಳ ಕಣ್ಣುಗಳನ್ನು ಒಂದು ಪುಟದುದ್ದಕ್ಕೂ ಹೊಗಳಿದ. ಯಾರ ಜೊತೆ ಮಾತಾಡಿದೆ ಎಂದು ಕೇಳಲಿಲ್ಲ. ಕೇಳುವುದಿಲ್ಲವೆಂದು ಗೊತ್ತಿದ್ದೂ ಇಬ್ಬರೂ ಕಾಯುತ್ತಿದ್ದರು.

ಪುಟ ಮುಗಿಯಿತು. ಈ ಸಲ ತಿರುಗಿಸುವುದನ್ನು ವನಜಾಕ್ಷಿ ಮರೆಯಲಿಲ್ಲ.