ಗಲ್ಲಾದ ಸರದಿ

ನನ್ನ ಗಂಡ ತನ್ನ ತಮ್ಮನಿಗೆ ಮೊದಲ ಏಟು ಕೊಟ್ಟಾಗ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕುರಿಯ ಕರುಳು ತೊಳೆಯುತ್ತಿದ್ದೆ. ಮುಂದುಗಡೆ ತಕ್ಕಡಿ ಉರುಳಿದ ಸದ್ದು ಕೇಳಿತು, ಗಿರಾಕಿಗಳು ಎದ್ದೆವೋ ಬಿದ್ದೆವೋ ಎಂದು ಓಡುವುದು ಕೇಳಿತು. ಕೈ ಕೂಡ ಒರೆಸಿಕೊಳ್ಳದೆ ಬಂದು ನೋಡಿದರೆ ಮೈದುನ ಮಾಂಸ ತೂಗುಹಾಕುವ ಕೊಕ್ಕೆಗಳ ಕೆಳಗೆ ಅಂಗಾತ ಬಿದ್ದಿದ್ದ. ಮೂಗಿನಿಂದ ರಕ್ತ ಇಳಿಯುತ್ತಿತ್ತು. ನನ್ನ ಗಂಡ ಅವನ ಎದೆಯ ಮೇಲೆ ಮೊಣಕಾಲೂರಿ, ದುಡ್ಡು ಎಲ್ಲಿಟ್ಟೆ ಎಂದು ಕೇಳುತ್ತಿದ್ದ.

ಯಾವ ದುಡ್ಡು ಎಂದು ನಾನು ಕೇಳಬೇಕಿರಲಿಲ್ಲ. ನಾವು ಬಾಡಿಗೆಗಿದ್ದ ಈ ಅಂಗಡಿಯನ್ನು ಮಾಲೀಕ ಮಾರಲು ಹೊರಟಿದ್ದ. ಕೊಂಡುಕೊಂಡರೆ ಬದುಕು, ಇಲ್ಲದಿದ್ದರೆ ಬೀದಿ. ಅದಕ್ಕೆಂದೇ ಅಣ್ಣತಮ್ಮಂದಿರು ವರ್ಷಗಟ್ಟಲೆ ಹೊಟ್ಟೆಬಟ್ಟೆ ಕಟ್ಟಿ ಒಂದೇ ಖಾತೆಯಲ್ಲಿ ಕೂಡಿಟ್ಟಿದ್ದರು. ಸೋಮವಾರ ನೋಂದಣಿ ಆಗಬೇಕಿತ್ತು. ಅಂದು ಶನಿವಾರ. ಖರ್ಚಿಗೆ ಸ್ವಲ್ಪ ತೆಗೆಯೋಣವೆಂದು ಗಂಡ ಎಟಿಎಂಗೆ ಹೋದರೆ ಪರದೆಯ ಮೇಲೆ ಸೊನ್ನೆ. ಆ ಖಾತೆಯಿಂದ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದಿತ್ತು. ಹಿಂದಿನ ದಿನ ಚಿಲ್ಲರೆ ತರಲು ಬ್ಯಾಂಕಿಗೆ ಹೋಗಿದ್ದವನು ಮೈದುನ. ನನ್ನ ಗಂಡನ ತಲೆ ಕೆಡಲು ಅಷ್ಟು ಸಾಕು. ಅದು ಕೆಡಲು ಯಾವತ್ತೂ ಹೆಚ್ಚಿಗೆ ಬೇಕಾಗಿದ್ದಿಲ್ಲ.

ಗಂಡನ ಕಾಲರ್ ಹಿಡಿದು ಎಳೆದೆ. ಮೊಣಕೈಯಿಂದ ತಿವಿದ. ನನ್ನ ತುಟಿ ಒಡೆಯಿತು. ಅಷ್ಟರಲ್ಲಿ ಮೈದುನ ಎದ್ದು, ಕೈಗೆ ಸಿಕ್ಕ ತೂಕದ ಬಟ್ಟಿನಿಂದ ಅಣ್ಣನ ಹಣೆಗೆ ಬಾರಿಸಿದ. ಹುಬ್ಬಿನ ಮೇಲೆ ಚರ್ಮ ಬಿರಿದು ರಕ್ತ ಕಣ್ಣಿಗೆ ಇಳಿಯಿತು. ಉರುಳಿದ ತಕ್ಕಡಿಯ ಅಡಿಯಿಂದ ಚೆಲ್ಲಿದ್ದ ಲಕೋಟೆಗಳನ್ನು ತುಳಿದುಕೊಂಡು ಇಬ್ಬರೂ ಒಬ್ಬರನ್ನೊಬ್ಬರು ಗೋಡೆಗೆ ಚಚ್ಚಿದರು.

"ನೀನೇ ತೆಗೆದು ಅತ್ತಿಗೆ ತವರಿಗೆ ಸಾಗಿಸಿಬಿಟ್ಟು ಈಗ ನನ್ನ ತಲೆಗೆ ಕಟ್ತೀಯಾ" ಎಂದ ಮೈದುನ.

ನನ್ನ ತವರಿನವರು ಬಡವರು, ಕಳ್ಳರಲ್ಲ. ಆ ಮಾತು ಬಂದದ್ದಾದರೂ ಯಾರ ಬಾಯಿಂದ? ನಾನೇ ಉಣ್ಣಿಸಿ, ತಲೆ ಬಾಚಿ ದೊಡ್ಡವನನ್ನಾಗಿ ಮಾಡಿದ ಹುಡುಗನ ಬಾಯಿಂದ. ಇನ್ನೊಂದು ಮಾತಾಡಿದ್ದರೆ ನಾನೂ ಕೈ ಮಾಡುತ್ತಿದ್ದೆ.

ಆದರೆ ಅವನಿಗೆ ಏದುಸಿರು ಹತ್ತಿತ್ತು. ಸುಧಾರಿಸಿಕೊಳ್ಳಲೆಂದು ಮಾಂಸ ಕಡಿಯುವ ಕೊರಡಿನ ಮೇಲೆ ಬಲಗೈ ಊರಿ ಬಗ್ಗಿದ. ನನ್ನ ಗಂಡ ಕೊರಡಿಗೆ ಕಚ್ಚಿಸಿಟ್ಟಿದ್ದ ಮಚ್ಚನ್ನು ಕಿತ್ತ. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ದಿನವೂ ಕೇಳುವ, ಮೂಳೆ ತುಂಡಾಗುವ ಸದ್ದೇ ಕೇಳಿಸಿತು. ಹೆಬ್ಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳು ಕೊರಡಿನ ಆಚೆ ಬಿದ್ದವು.

ನಾನೇ ಅವನ್ನು ಆಯ್ದು, ಮಂಜುಗಡ್ಡೆ ಪೆಟ್ಟಿಗೆಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ವೈದ್ಯರು ಬಗ್ಗಿ ನೋಡಿ, ಮತ್ತೆ ಜೋಡಿಸಲು ಆಗುವುದಿಲ್ಲ ಎಂದರು. ಪೊಲೀಸರು ಕೇಳಿದ್ದಕ್ಕೆ ಮೈದುನ, ಮಾಂಸ ಕಡಿಯುವಾಗ ಕೈ ಜಾರಿತು ಎಂದ. ಅಣ್ಣನನ್ನು ಜೈಲಿನಿಂದ ಉಳಿಸಿದ. ಆಮೇಲೆ ಅಣ್ಣನ ಜೊತೆ ಮಾತೇ ಬಿಟ್ಟ.

ಸೋಮವಾರ ನೋಂದಣಿಗೆ ಹೋಗಬೇಕಾದವರು ಬ್ಯಾಂಕಿಗೆ ಹೋದೆವು. ತಮ್ಮ ಎಷ್ಟು ತೆಗೆದ, ಯಾವಾಗ ತೆಗೆದ ಎಂದು ನನ್ನ ಗಂಡ ಕೇಳಿದ. ಅಧಿಕಾರಿ ಹೆಂಗಸು ಅವನ ಹಣೆಯ ಹೊಲಿಗೆಯನ್ನು ನೋಡಿ, ಆಮೇಲೆ ಕಂಪ್ಯೂಟರ್ ನೋಡಿದಳು.

"ನಿಮ್ಮಲ್ಲಿ ಯಾರೂ ತೆಗೆದಿಲ್ಲ. ಅಂಗಡಿ ತೆರಿಗೆ ಕಟ್ಟಿಲ್ಲ ಅಂತ ಇಲಾಖೆಯಿಂದ ಆದೇಶ ಬಂತು, ಖಾತೆ ತಡೆದ್ವಿ. ಅವರಿಗೆ ಸೇರೋದು ಅವರು ತಗೊಳ್ತಾರೆ, ಉಳಿದಿದ್ದು ಆಮೇಲೆ ನಿಮಗೇ ಸಿಗುತ್ತೆ. ನೋಟಿಸುಗಳು ಬಂದಿರಬೇಕಲ್ಲ, ಯಾರೂ ನೋಡ್ಲಿಲ್ವಾ?"

ನನ್ನ ಗಂಡ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ವಾಂತಿ ಮಾಡಿಕೊಂಡ. ನನಗೆ ಅವನ ಬೆನ್ನು ಸವರುವ ಮನಸ್ಸಾಗಲಿಲ್ಲ.

ನೋಡದೇ ಏನು? ಇಬ್ಬರೂ ನೋಡಿದ್ದರು. ನಮ್ಮ ಮಾವ ಸಾಯುವ ಮುಂಚೆ, ಜಗಳ ಬೇಡವೆಂದು ಒಂದು ಕಟ್ಟಳೆ ಮಾಡಿಟ್ಟು ಹೋಗಿದ್ದ. ಒಂದು ದಿನ ಅಣ್ಣ ಗಲ್ಲಾದಲ್ಲಿ ಕೂತರೆ ತಮ್ಮ ಮಚ್ಚು ಹಿಡಿಯಬೇಕು, ಮರುದಿನ ಅದಲುಬದಲು. ಗಲ್ಲಾಕ್ಕೆ ಏನೇ ಬರಲಿ, ಅದು ಆ ದಿನ ಕೂತವನ ಜವಾಬ್ದಾರಿ. ಇನ್ನೊಬ್ಬ ಮೂಗು ತೂರಿಸುವ ಹಾಗಿಲ್ಲ. ಕೆಲಸ ಮುಗಿಯದ ಕಾಗದವನ್ನು ತಕ್ಕಡಿಯ ಅಡಿಗೆ ಸೇರಿಸಬೇಕು. ಬಂದ ಲಕೋಟೆಯನ್ನು ನನ್ನ ಗಂಡ ಅಲ್ಲಿ ತುರುಕಿದ. ಮರುದಿನ ಮೈದುನ ಕಂಡು, ಅದು ಅಣ್ಣನ ದಿನದ್ದೆಂದು ಮುಟ್ಟಲಿಲ್ಲ. ಮೈದುನನ ದಿನ ಬಂದ ಲಕೋಟೆಯನ್ನು ನನ್ನ ಗಂಡನೂ ಮುಟ್ಟಲಿಲ್ಲ. ದಿನ ಕಳೆದಂತೆ ಯಾವುದು ಯಾರದೆಂದು ಇಬ್ಬರಿಗೂ ಮರೆತು, ಎಲ್ಲವೂ ಇನ್ನೊಬ್ಬನದೇ ಆಯಿತು. ಗಲ್ಲಾದ ಹತ್ತಿರ ಹೆಂಗಸು ಬರಕೂಡದು ಎನ್ನುವುದೂ ಅದೇ ಮಹಾನುಭಾವನ ಕಟ್ಟಳೆ. ನಾನು ಕರುಳು ತೊಳೆಯುತ್ತಿದ್ದೆ.

ಅಂಗಡಿ ಬೇರೆಯವರ ಪಾಲಾಯಿತು. ಇಲಾಖೆ ಬಾಕಿ, ಬಡ್ಡಿ, ದಂಡ ಮುರಿದುಕೊಂಡ ಮೇಲೆ ತಡೆ ತೆಗೆದರು. ಖಾತೆ ಮುಚ್ಚಿ ತನ್ನ ಪಾಲು ಕೊಡಬೇಕೆಂದು ಮೈದುನ ನನ್ನ ಹತ್ತಿರ ಹೇಳಿ ಕಳಿಸಿದ. ಮುಚ್ಚಬೇಕಾದರೆ ಇಬ್ಬರ ಸಹಿಯೂ ಬೇಕು.

ಬ್ಯಾಂಕಿನಲ್ಲಿ ನನ್ನ ಗಂಡ ಸಹಿ ಹಾಕಿ ಪೆನ್ನನ್ನು ತಮ್ಮನ ಕಡೆ ಚಾಚಿದ. ಚಾಚಿದ ಮೇಲೆ ಅವನಿಗೆ ಅರಿವಾಯಿತು. ಅಧಿಕಾರಿ ಶಾಯಿಯ ಡಬ್ಬಿ ಮುಂದಿಟ್ಟು, ಎಡಗೈ ಹೆಬ್ಬೆಟ್ಟು ಸಾಕು ಎಂದಳು. ನನ್ನ ಗಂಡ ತಮ್ಮನ ಎಡಗೈ ಹಿಡಿಯಲು ಹೋದ.

"ಮುಟ್ಟಬೇಡ" ಎಂದ ಮೈದುನ. "ಇದೊಂದೇ ಉಳಿದಿರೋದು."

ತಾನೇ ಒತ್ತಿದ. ಹೆಬ್ಬೆಟ್ಟು ಜಾರಿ ಗುರುತು ಕಲಸಿಹೋಯಿತು. ಅಧಿಕಾರಿ ಬೇರೆ ಕಾಗದ ಕೊಟ್ಟಳು. ಅದೂ ಕಲಸಿತು. ಆಗ ಅವನು ನನ್ನ ಕಡೆ ತಿರುಗಿದ.

"ಅತ್ತಿಗೆ, ನೀವು ಹಿಡ್ಕೊಳ್ಳಿ."

ನಾನು ಹಿಡಿದುಕೊಂಡೆ. ನನ್ನ ಗಂಡ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತ.