ಎರಡು ತುದಿಯ ಉಗಿಬಂಡಿ

ವಿಲ್ಫ್ ಹ್ಯೂಯಿಟ್ಸನ್ ಒಬ್ಬನೇ ಕೂತು ಕಟ್ಟಿದ ಉಗಿಬಂಡಿಯನ್ನು ಓಡಿಸಲು ಇಬ್ಬರು ಬೇಕು ಎನ್ನುವುದು ಷಿಲ್ಡನ್ ಊರಿಗೆ ಗೊತ್ತಾದದ್ದು ಒಂದು ಶನಿವಾರ ಮಧ್ಯಾಹ್ನ. ತಮಾಷೆಯೆಂದರೆ ವಿಲ್ಫ್‌ಗೂ ಅದು ಗೊತ್ತಾದದ್ದು ಆಗಲೇ.

ಇದೇ ಊರಿನ ಹಳಿಗಳ ಮೇಲೆ ಅವನ ಮುತ್ತಜ್ಜನ ಅಪ್ಪನ ಕಾಲದಲ್ಲಿ ಕಲ್ಲಿದ್ದಲು ಎಳೆದಿದ್ದ ಬಂಡಿಯ ಮಾದರಿ ಅದು. ಅಳತೆಯಲ್ಲಿ ಅಸಲಿನ ಎಂಟನೇ ಒಂದು ಭಾಗ. ಆರು ಗಾಲಿ, ಹಿಂತುದಿಯಲ್ಲಿ ನೆಟ್ಟಗೆ ನಿಂತ ಎರಡು ಸಿಲಿಂಡರು, ಮುಂತುದಿಯಲ್ಲಿ ಉದ್ದನೆಯ ಹೊಗೆಕೊಳವೆ. ಹಳೆಯ ಕಾಲದವರ ಲೆಕ್ಕಾಚಾರವೇ ಬೇರೆ. ಬೆಂಕಿ ಬಾಯ್ಲರಿನೊಳಗೆ ಒಂದು ತುದಿಯಿಂದ ಹೋಗಿ ಹಿಂತಿರುಗಿ ಅದೇ ತುದಿಗೆ ಬರಬೇಕು. ಹಾಗಾಗಿ ಒಲೆಯ ಬಾಯಿ ಹೊಗೆಕೊಳವೆಯ ಪಕ್ಕದಲ್ಲೇ, ಮುಂದೆ. ಬಂಡಿ ನಡೆಸುವವನು ಹಿಂದೆ. ನಕ್ಷೆಯಲ್ಲಿ ಎರಡೂ ಕಡೆ ಒಬ್ಬೊಬ್ಬ ಮನುಷ್ಯನನ್ನು ಬರೆದಿದ್ದರು. ಮನುಷ್ಯರನ್ನೇನೂ ತಾನು ಕಟ್ಟಬೇಕಾಗಿರಲಿಲ್ಲವಲ್ಲ, ವಿಲ್ಫ್ ಅವರತ್ತ ನೋಡಿಯೇ ಇರಲಿಲ್ಲ.

ಅವತ್ತು ಪುಟ್ಟ ಬಂಡಿಗಳನ್ನು ಓಡಿಸುವ ಕ್ಲಬ್ಬಿನ ಹಳಿಯ ಮೇಲೆ ಬಂಡಿ ಚೆನ್ನಾಗಿಯೇ ಹೊರಟಿತು. ವಿಲ್ಫ್ ಹಿಂದೆ ಜೋಡಿಸಿದ ಪುಟ್ಟ ಗಾಡಿಯ ಮೇಲೆ ಮೊಣಕಾಲು ಮಡಚಿ ಕೂತು, ಟೋಪಿ ಸರಿಮಾಡಿಕೊಂಡು, ರಾಜಗಾಂಭೀರ್ಯದಿಂದ ಉಗಿ ಬಿಟ್ಟ. ತರಕಾರಿ ತೋಟಗಳ ಪಕ್ಕದ ಏರು ಬರುವಷ್ಟರಲ್ಲಿ ಬೆಂಕಿ ಕುಂದಿತು. ಅವನು ಇಳಿದು ಮುಂದಕ್ಕೆ ಓಡಿ ಕಲ್ಲಿದ್ದಲು ಹಾಕಿದ. ಅಷ್ಟರಲ್ಲಿ ಹಿಂದೆ ನೀರು ಇಳಿದಿತ್ತು. ಹಿಂದಕ್ಕೆ ಓಡಿ ನೀರು ಬಿಟ್ಟ. ಮುಂದೆ ಬೆಂಕಿ ಸತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯ ತನ್ನದೇ ಬಂಡಿಯ ಸುತ್ತ ಕೋಳಿಯ ಹಾಗೆ ಓಡಾಡುವುದನ್ನು ಕ್ಲಬ್ಬಿನವರೆಲ್ಲ ಚಹಾ ಕುಡಿಯುತ್ತ ನೋಡಿದರು.

ಕ್ಲಬ್ಬಿನ ಕಾರ್ಯದರ್ಶಿ ಹೆದರಿಂಗ್ಟನ್ ಒಳ್ಳೆಯವನು. ತಾನೇ ಮುಂದೊಂದು ಗಾಡಿ ಜೋಡಿಸಿ ಕೂತು ಬೆಂಕಿ ನೋಡಿಕೊಳ್ಳುತ್ತೇನೆಂದ. ಕೂತ. ನಡುವೆ ಬಾಯ್ಲರು, ಹೊಗೆ, ಬುಸುಗುಟ್ಟುವ ಉಗಿ. ಒಬ್ಬರ ಮುಖ ಒಬ್ಬರಿಗೆ ಕಾಣದು, ಮಾತು ಕೇಳಿಸದು. ಇವನು ಬೇಡವೆಂದಾಗ ಅವನು ಕಲ್ಲಿದ್ದಲು ತುರುಕಿದ, ಬೇಕೆಂದಾಗ ಸುಮ್ಮನೆ ಕೂತ. ಬಂಡಿ ಅದೇ ಏರಿನಲ್ಲಿ ಮತ್ತೆ ನಿಂತಿತು.

"ಬಂಡಿ ಚೆನ್ನಾಗಿದೆ ವಿಲ್ಫ್," ಎಂದ ಹೆದರಿಂಗ್ಟನ್, ಹುಬ್ಬಿನ ಮಸಿ ಒರೆಸಿಕೊಳ್ಳುತ್ತ. "ಆದ್ರೆ ಒಂಟಿ ಜನಕ್ಕಲ್ಲ ಇದು."

ಆ ಮಾತು ವಿಲ್ಫ್‌ನ ಎದೆಗೆ ನಾಟಿತು. ಮನೆಗೆ ಬಂದವನೇ ಬಂಡಿಯನ್ನು ಶೆಡ್ಡಿನ ಮೇಜಿನ ಮೇಲೆ ಏರಿಸಿ, ಗರಗಸ ಹುಡುಕತೊಡಗಿದ.

"ಏನು ಮಾಡ್ತಿದ್ದೀಯ?" ಬಾಗಿಲಲ್ಲಿ ಹೆಂಡತಿ ಮೇವಿಸ್ ನಿಂತಿದ್ದಳು, ಕೈಯಲ್ಲಿ ಹ್ಯಾಮ್ ತುಂಬಿದ ದಪ್ಪ ರೊಟ್ಟಿಯ ತಟ್ಟೆ.

"ಬಾಯ್ಲರ್ ಕೊಯ್ದು ಒಳಗಡೆ ಹೊಸ ಥರದ ಕೊಳವೆ ಕೂರಿಸ್ತೀನಿ. ಒಲೆ ನನ್ನ ಕಡೆಗೇ ಬರುತ್ತೆ. ಹೊರಗಿಂದ ಯಾರಿಗೂ ಗೊತ್ತಾಗಲ್ಲ."

"ನಿನಗೆ ಗೊತ್ತಾಗಲ್ವಾ?"

ವಿಲ್ಫ್ ಸಿಕ್ಕಿದ ಗರಗಸವನ್ನು ಮೇಜಿನ ಮೇಲಿಟ್ಟ. ಗೊತ್ತಾಗುತ್ತದೆ. ಅಸಲಿಗೆ ಕೂದಲೆಳೆ ಹೊಂದಲಿಲ್ಲವೆಂದು ಗಾಲಿಗಳನ್ನು ಮೂರು ಸಲ ಎರಕ ಹೊಯ್ದು ಮೂರು ಸಲ ಒಡೆದುಹಾಕಿದವನು ಅವನು.

"ಕೊಯ್ಯೋದು ಸುಲಭ, ಅಲ್ವಾ?" ಮೇವಿಸ್ ತಟ್ಟೆಯನ್ನು ಗರಗಸದ ಮೇಲೆಯೇ ಇಟ್ಟಳು. "ಹೋಗಿ ನನ್ನ ತಮ್ಮನ್ನ ಕೇಳೋದು ಕಷ್ಟ. ನೀವಿಬ್ರೂ ಮಾತು ಬಿಟ್ಟಾಗಿಂದ, ಕೊಯ್ಯೋ ಜಾತಿಯವನಲ್ಲ ನನ್ನ ಗಂಡ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ಈಗ ನೀನೇ ನನ್ನನ್ನ ಸುಳ್ಳುಗಾರ್ತಿ ಮಾಡು."

ಮೇವಿಸಳ ತಮ್ಮನ ಹೆಸರು ಕಡ್ಡಿ ರೇನ್. ಹಿಂದೆ ಬಾಯ್ಲರ್ ಕಾರ್ಖಾನೆಯಲ್ಲಿ ರಿವೆಟ್ ಹೊಡೆಯುವವನು ವಿಲ್ಫ್, ಹಿಡಿಯುವವನು ಕಡ್ಡಿ. ತಗಡು ಬೆಸೆಯುವ ಕೆಂಪಗೆ ಕಾದ ರಿವೆಟ್ ಮೊಳೆಯನ್ನು ಒಬ್ಬ ಹೊರಗಿನಿಂದ ಬಡಿಯಬೇಕಾದರೆ ಇನ್ನೊಬ್ಬ ಬಾಯ್ಲರಿನ ಹೊಟ್ಟೆಯೊಳಗೆ ಕೂತು ಅದರ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿಯಲೇಬೇಕು. ಹಿಡಿಯುವವನಿಲ್ಲದೆ ಹೊಡೆಯುವವನಿಲ್ಲ. ಮುಖ ಕಾಣದೆ, ಮಾತು ಕೇಳಿಸದೆ, ತಗಡಿನ ಮೇಲೆ ತಟ್ಟುವ ಸದ್ದಿನಲ್ಲೇ ಇಬ್ಬರೂ ಯೌವನ ಕಳೆದರು. ಒಂದು ತಟ್ಟಿದರೆ ತಾಳು, ಎರಡು ತಟ್ಟಿದರೆ ಹೊಡಿ. ಆ ಗದ್ದಲಕ್ಕೆ ಇಬ್ಬರ ಕಿವಿಯೂ ಅರ್ಧಂಬರ್ಧ ಹೋಗಿತ್ತು.

ಅವರ ಸ್ನೇಹ ಮುರಿದದ್ದು ಈರುಳ್ಳಿ ಜಾತಿಯ ಲೀಕ್ ಗಿಡಗಳಿಗಾಗಿ. ನಗಬೇಡಿ. ಆ ಸೀಮೆಯಲ್ಲಿ ತೋಳುಗಾತ್ರದ ಲೀಕ್ ಬೆಳೆದು ಶರತ್ಕಾಲದ ಪಂದ್ಯದಲ್ಲಿ ಗೆಲ್ಲುವುದೆಂದರೆ ಹುಡುಗಾಟವಲ್ಲ. ಅದಕ್ಕೆ ಹಾಕುವ ಗೊಬ್ಬರದ ಪಾಕವನ್ನು ಗಂಡಸರು ಹೆಂಡತಿಗೂ ಹೇಳುವುದಿಲ್ಲ. ಪಂದ್ಯದ ಬೆಳಿಗ್ಗೆ ಕಡ್ಡಿಯ ಲೀಕ್‌ಗಳನ್ನೆಲ್ಲ ಯಾರೋ ಚಾಕುವಿನಿಂದ ಸೀಳಿಹಾಕಿದ್ದರು. ಆ ವರ್ಷ ಗೆದ್ದವನು ವಿಲ್ಫ್. ಬಹುಮಾನ ಕೊಡುವಲ್ಲಿ ಎಲ್ಲರೆದುರು ಕಡ್ಡಿ ಅವನನ್ನು ನೋಡಿ, "ಬಹುಮಾನ ಜೋಪಾನ, ಕೈ ಕೊಯ್ದುಕೊಂಡೀಯ," ಎಂದಿದ್ದ. ಅಂದಿನಿಂದ ವಿಲ್ಫ್ ಲೀಕ್ ಬೆಳೆಯುವುದನ್ನೇ ಬಿಟ್ಟ, ಶೆಡ್ಡು ಸೇರಿದ, ಬಂಡಿ ಕಟ್ಟಿದ. ತಪ್ಪು ಮಾಡದವನು ಯಾಕೆ ಮೊದಲು ಹೋಗಿ ಮಾತಾಡಿಸಬೇಕು? ಅವನ ಹಟವೂ ನ್ಯಾಯವಾದದ್ದೇ. ಆದರೆ ನ್ಯಾಯವಾದ ಹಟಕ್ಕೆ ಚಹಾ ಕುಡಿಯಲು ಜೊತೆ ಸಿಗುವುದಿಲ್ಲ.

ಮೇವಿಸ್ ಹಾಗೆಂದ ಮರುದಿನ ವಿಲ್ಫ್ ತರಕಾರಿ ತೋಟಕ್ಕೆ ಹೋದ. ಕಡ್ಡಿ ಲೀಕ್ ಸಾಲಿನ ಮುಂದೆ ಮಂಡಿಯೂರಿದ್ದ. ತಲೆ ಎತ್ತಿ ನೋಡಿ, ಮತ್ತೆ ತಗ್ಗಿಸಿದ.

"ಬಂಡಿಗೊಬ್ಬ ಬೇಕು," ಎಂದ ವಿಲ್ಫ್, ಮಣ್ಣು ನೋಡುತ್ತ.

"ಏನು?"

"ಬೆಂಕಿ ನೋಡ್ಕೊಳ್ಳೋಕೆ ಒಬ್ಬ ಬೇಕು ಅಂದೆ."

"ಕೇಳಿಸ್ತಿಲ್ಲ."

"ಒಬ್ಬನ ಕೈಲಿ ಆಗಲ್ಲ ಕಣೋ!" ವಿಲ್ಫ್ ಕಿರುಚಿದ. ಅಕ್ಕಪಕ್ಕದ ತೋಟಗಳಲ್ಲಿ ಗುದ್ದಲಿಗಳು ನಿಂತವು. "ನೀನು ಬೇಕು! ಕೇಳಿಸ್ತಾ ಈಗ? ನೀನೇ ಬೇಕು!"

ಕಡ್ಡಿ ನಿಧಾನವಾಗಿ ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. "ಮೊದಲ ಸಲಾನೇ ಕೇಳಿಸ್ತು. ಇನ್ನೊಂದ್ಸಲ ಕೇಳೋಣ ಅನ್ನಿಸ್ತು, ಅಷ್ಟೆ."

ವಿಲ್ಫ್‌ಗೆ ಸಿಟ್ಟೂ ಬಂತು, ನಗುವೂ ಬಂತು. ಯಾವುದು ಮೊದಲೆಂದು ಅವನಿಗೇ ತಿಳಿಯಲಿಲ್ಲ.

ಮುಂದಿನ ಶನಿವಾರ ಕಡ್ಡಿ ಹಳಿಯ ಬಳಿ ಬಂದು ಬಂಡಿಯನ್ನು ಮದುವೆಗೆ ಹೆಣ್ಣು ನೋಡುವವನಂತೆ ಸುತ್ತುಹಾಕಿದ. ಬಾಯ್ಲರಿನ ಹೊರಹೊದಿಕೆಯ ಮೇಲೆ ಸಾಲಾಗಿ ಕೂತ ರಿವೆಟ್ ತಲೆಗಳ ಮೇಲೆ ಉಗುರಾಡಿಸಿದ. ಒಂದು ತಲೆ ಕಿತ್ತು ಅವನ ಕೈಗೇ ಬಂತು.

"ಸುಳ್ಳು ರಿವೆಟ್," ಎಂದ ಬೆರಗಿನಿಂದ. "ಅಂಟಿಸಿದ್ದೀಯ! ವಿಲ್ಫ್ ಹ್ಯೂಯಿಟ್ಸನ್ ರಿವೆಟ್ ಅಂಟಿಸಿದ್ದಾನೆ!"

"ಮತ್ತೇನ್ ಮಾಡ್ಲಿ?" ವಿಲ್ಫ್‌ನ ಮುಖ ಕೆಂಪಾಯಿತು. "ಆ ಕಡೆ ಹಿಡ್ಕೊಳ್ಳೋಕೆ ಯಾರಿದ್ರು?"

ಕಡ್ಡಿ ಆ ಪುಟ್ಟ ತಲೆಯನ್ನು ಜೇಬಿಗೆ ಹಾಕಿಕೊಂಡು, ಮುಂದಿನ ಗಾಡಿಯ ಮೇಲೆ ಬಂಡಿಗೆ ಮುಖಮಾಡಿ ಕೂತ, ಪುಟ್ಟ ಸಲಿಕೆ ಕೈಗೆತ್ತಿಕೊಂಡ.

ಹೊರಟರು. ಕ್ಲಬ್ಬಿನವರು ಚಹಾ ಕೆಳಗಿಟ್ಟರು. ಮೇವಿಸ್ ಬೇಲಿ ಹಿಡಿದು ನಿಂತಿದ್ದಳು. ಸಮತಟ್ಟಿನಲ್ಲಿ ಏನೂ ತೊಂದರೆಯಿರಲಿಲ್ಲ. ಏರು ಬಂತು. ಗಾಲಿಗಳು ಭಾರವಾದವು, ಉಗಿಯ ಉಸಿರು ದೂರ ದೂರವಾಯಿತು. ಹೋದ ವಾರ ನಿಂತ ಜಾಗ ಇದೇ. ಇನ್ನಷ್ಟು ಉಗಿ ಬಿಡಬೇಕೆಂದು ವಿಲ್ಫ್‌ನ ಕೈ ಹಿಡಿಗೆ ಹೋಯಿತು. ಹೋದ ವಾರವೂ ಹಾಗೆಯೇ ಮಾಡಿ, ಇದ್ದ ಉಗಿಯನ್ನೂ ಖಾಲಿ ಮಾಡಿಕೊಂಡಿದ್ದ.

ಆಗ ಮುಂದಿನಿಂದ ಸದ್ದು ಬಂತು. ತಗಡಿನ ಮೇಲೆ ಸಲಿಕೆಯ ಹಿಡಿ, ಒಂದೇ ಸಲ. ಟಕ್.

ತಾಳು.

ವಿಲ್ಫ್‌ನ ಕಿವಿಗಿಂತ ಮೊದಲು ಕೈಗೆ ಅದು ಅರ್ಥವಾಯಿತು. ಅವನು ಉಗಿ ಮುಚ್ಚಿದ. ಬಂಡಿ ಏರಿನಲ್ಲಿ ನಿಂತುಬಿಟ್ಟಿತು. ಬೇಲಿಯ ಕಡೆಯಿಂದ ಯಾರೋ ಅಯ್ಯೋ ಎಂದರು. ಹಿಂದಕ್ಕೆ ಜಾರದಂತೆ ಅವನು ಬೂಟುಗಾಲನ್ನು ನೆಲಕ್ಕೆ ಊರಿ ಕೂತ. ಮುಂದೆ ಏನು ನಡೆಯುತ್ತಿದೆಯೆಂದು ಅವನಿಗೆ ಕಾಣಿಸುತ್ತಿರಲಿಲ್ಲ. ಕೇಳಲೂ ಇಲ್ಲ, ಎದ್ದು ನೋಡಲೂ ಇಲ್ಲ. ಇಷ್ಟು ವರ್ಷಗಳಲ್ಲಿ ಇನ್ನೊಬ್ಬನ ಕೈಗೆ ಬಿಟ್ಟು ಸುಮ್ಮನೆ ಕೂತದ್ದು ಅದೇ ಮೊದಲು. ಅದು ಇಷ್ಟು ಹಾಯೆನಿಸುತ್ತದೆಂದು ಅವನು ಮರೆತೇಬಿಟ್ಟಿದ್ದ. ಒತ್ತಡದ ಮುಳ್ಳು ನಡುಗಿ, ಮೆಲ್ಲಗೆ ಮೇಲೇರಿತು.

ಟಕ್, ಟಕ್.

ವಿಲ್ಫ್ ಉಗಿ ಬಿಟ್ಟ. ಗಾಲಿಗಳು ಒಮ್ಮೆ ಜಾರಿ, ಹಳಿ ಕಚ್ಚಿ, ತಿರುಗಿದವು. ಪುಟ್ಟ ಬಂಡಿ ಕೆಮ್ಮುತ್ತ ಕೆಮ್ಮುತ್ತ ಏರು ಹತ್ತಿ, ನೆತ್ತಿ ದಾಟಿ, ಇಳಿಜಾರಿನಲ್ಲಿ ಬೇಲಿಯ ಮುಂದೆ ಹಾದಾಗ ಮೇವಿಸ್ ಸೆರಗಿಲ್ಲದ ಊರಿನವಳಾದ್ದರಿಂದ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡಳು.

ಬಂಡಿ ನಿಂತ ಮೇಲೆ ಕಡ್ಡಿ ಇಳಿಯಲಿಲ್ಲ. ಮುಖವೆಲ್ಲ ಮಸಿ, ಕಣ್ಣೆರಡೇ ಬೆಳ್ಳಗೆ.

"ಆ ಲೀಕ್ ಸೀಳಿದ್ದು ನೀನಲ್ಲ ಅಂತ ಮರುವರ್ಷವೇ ಗೊತ್ತಾಯ್ತು," ಎಂದ. ಈ ಸಲ ಕಿರುಚುವ ಸರದಿ ಅವನದು. ಮೆಲ್ಲಗೆ ಹೇಳಿದರೆ ವಿಲ್ಫ್‌ಗೆ ಕೇಳಿಸುತ್ತಿರಲಿಲ್ಲ. ಊರೇ ಕೇಳಿಸಿಕೊಂಡಿತು. "ಬರೋಕೆ ಮುಖ ಇರ್ಲಿಲ್ಲ ಕಣೋ. ತಪ್ಪಾಯ್ತು."

ವಿಲ್ಫ್ ಬಹಳ ಹೊತ್ತು ಬಾಯ್ಲರಿನ ಎಣ್ಣೆ ಒರೆಸಿದ. ಎಣ್ಣೆಯೇನೂ ಇರಲಿಲ್ಲ.

"ಮೊದಲ ಸಲಾನೇ ಕೇಳಿಸ್ತು," ಎಂದ ಕೊನೆಗೆ. "ಇನ್ನೊಂದ್ಸಲ ಹೇಳು."

ಕಡ್ಡಿ ಬಿದ್ದು ಬಿದ್ದು ನಕ್ಕ. ಆಮೇಲೆ ಜೇಬಿನಿಂದ ಆ ಕಿತ್ತ ರಿವೆಟ್ ತಲೆ ತೆಗೆದು ವಿಲ್ಫ್‌ನ ಅಂಗೈಯಲ್ಲಿಟ್ಟ.

"ಸೋಮವಾರ ಆ ಹೊದಿಕೆ ಬಿಚ್ಚಿಡು," ಎಂದ. "ಸುಳ್ಳುಗಳನ್ನೆಲ್ಲ ಕಿತ್ತು ಬಿಸಾಡೋಣ. ನೀನು ಹೊಡಿ, ನಾನು ಹಿಡಿತೀನಿ."